ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಮೂರು ಮನೆಯ ಮೂರು ಮಕ್ಕಳು: ತರಗತಿಗೆ ಕಾರ್ಡು ಮಾಡಲು ಖಚಿತ ವಿವರ ಬೇಕು

ಹೇಮಾವತಿ ದಂಡೆ, ಹಾಸನ

ಹಾಸನದ ಪದವಿ ಕಾಲೇಜೊಂದರ ಎರಡನೇ ವರ್ಷದ ಬಿ.ಎ. ತರಗತಿಗೆ ವಿಕ್ಟೋರಿಯಾ ಕಾಲದ ಸಮಾಜದ ಪಾಠ ಮಾಡಬೇಕಿದೆ. ಸಿಗುವುದು ಎರಡೇ ಪೀರಿಯಡ್, ತಲಾ 55 ನಿಮಿಷ. ಮಕ್ಕಳ ಬಗ್ಗೆ ಪಠ್ಯದಲ್ಲಿ ಇರುವುದು ಒಂದು ಪ್ಯಾರಾ. ಬಡವರ ಮಕ್ಕಳು ಗಿರಣಿಯಲ್ಲಿ ದುಡಿದರು, ಉಳ್ಳವರ ಮಕ್ಕಳು ಓದಿದರು, 1833ರಲ್ಲಿ ಕಾನೂನು ಬಂತು ಅಂತ ಮುಗಿಸಿಬಿಟ್ಟಿದ್ದಾರೆ. ಇದನ್ನೇ ಓದಿ ಹೇಳಿದರೆ ವಿದ್ಯಾರ್ಥಿಗಳು ಅಯ್ಯೋ ಪಾಪ ಅಂದು ನೋಟ್ಸ್ ಮಡಚುತ್ತಾರೆ, ಅಷ್ಟೇ.

ನನ್ನ ಯೋಚನೆ ಹೀಗಿದೆ. 1868ರಲ್ಲಿ ಹುಟ್ಟಿದ ಮೂವರು ಕಾಲ್ಪನಿಕ ಹುಡುಗರ ಕಾರ್ಡು ಮಾಡುವುದು. ಒಬ್ಬ ಲ್ಯಾಂಕಶೈರಿನ ಹತ್ತಿ ಗಿರಣಿ ಕಾರ್ಮಿಕನ ಮಗ, ಒಬ್ಬ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನ ಮಗ, ಇನ್ನೊಬ್ಬ ಜಮೀನ್ದಾರ ಮನೆತನದವನು. 5, 10 ಮತ್ತು 13ನೇ ವಯಸ್ಸಿನಲ್ಲಿ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದ, ಯಾರು ಅವನನ್ನು ನೋಡಿಕೊಳ್ಳುತ್ತಿದ್ದರು, ಯಾವ ಕಾನೂನು ಅವನಿಗೆ ತಾಗುತ್ತಿತ್ತು ಎಂಬುದನ್ನು ಗುಂಪುಗಳು ತುಂಬಬೇಕು.

ಬೇಕಾಗಿರುವುದು: ಇಸವಿ ತಪ್ಪಿಲ್ಲದ ಕಾನೂನು ವಿವರ, ದುಡ್ಡಿನ ಲೆಕ್ಕ, ಶಾಲೆಯೊಳಗೆ ನಿಜವಾಗಿ ಏನು ನಡೆಯುತ್ತಿತ್ತು ಎಂಬುದು. ಇಂಥ ಪಾಠದಲ್ಲಿ ಸಾಮಾನ್ಯವಾಗಿ ಎಲ್ಲಿ ಎಡವುತ್ತೇವೆ ಅನ್ನುವುದನ್ನೂ ಹೇಳಿ. ಇಂಟರ್‌ನೆಟ್‌ನಿಂದ ಇಳಿಸಿದ ಏಳೆಂಟು ಫೋಟೋಗಳನ್ನು ಪ್ರೊಜೆಕ್ಟರಿನಲ್ಲಿ ತೋರಿಸುವ ಮನಸ್ಸೂ ಇದೆ.

ಗಿರಿಸಾಲು, ಚಿಕ್ಕಮಗಳೂರು

ಮೇಡಂ, 1868 ಒಳ್ಳೆಯ ಆಯ್ಕೆ. ಆ ವರ್ಷ ಹುಟ್ಟಿದ ಮಗು ಶಾಲೆಯ ಕಾನೂನು, ಗಿರಣಿಯ ಕಾನೂನು ಎರಡಕ್ಕೂ ಸಿಕ್ಕಿಕೊಳ್ಳುತ್ತದೆ.

ಮೊದಲು ಆ 1833. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದೇ 1837ರಲ್ಲಿ, ಆದ್ದರಿಂದ ಅದು ಅವಳ ಕಾಲದ ಕಾನೂನಲ್ಲ. ಅದು ಹೇಳಿದ್ದು ಬಟ್ಟೆ ಗಿರಣಿಗಳಿಗೆ ಮಾತ್ರ, ಅದರಲ್ಲೂ ರೇಷ್ಮೆಗೆ ವಿನಾಯಿತಿ. 9 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, 9ರಿಂದ 13ರವರಿಗೆ ದಿನಕ್ಕೆ 9 ಗಂಟೆ, 13ರಿಂದ 18ರವರಿಗೆ 12 ಗಂಟೆ. ಇಡೀ ದೇಶಕ್ಕೆ ನಾಲ್ವರು ಇನ್‌ಸ್ಪೆಕ್ಟರುಗಳು. ಜನನ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ, ಅಂದರೆ 1833ರಲ್ಲಿ ಗಿರಣಿ ಬಾಗಿಲಲ್ಲಿ ನಿಂತ ಹುಡುಗನಿಗೆ ಒಂಬತ್ತು ತುಂಬಿದೆ ಅಂತ ತೋರಿಸಲು ಸರ್ಕಾರಿ ಕಾಗದವೇ ಇರಲಿಲ್ಲ. ಡಾಕ್ಟರು ಎತ್ತರ ನೋಡಿ, ಬಾಯಿ ತೆರೆಸಿ ಹಲ್ಲು ನೋಡಿ ವಯಸ್ಸು ಬರೆದುಕೊಡುತ್ತಿದ್ದರು. ಸಂತೆಯಲ್ಲಿ ಎತ್ತು ಕೊಳ್ಳುವವನು ನೋಡುವ ಹಾಗೆ. ಅಪ್ಪ ಅಮ್ಮನಿಗೂ ಕೂಲಿ ಬೇಕು, ಗಿರಣಿಗೂ ಕೈ ಬೇಕು, ಮಧ್ಯೆ ಸುಳ್ಳು ಹಿಡಿಯುವವರು ಯಾರು?

1844ರ ಕಾನೂನನ್ನು ಬಿಡಬೇಡಿ. ಅದು ಕೆಲಸಕ್ಕೆ ಸೇರುವ ವಯಸ್ಸನ್ನು 9ರಿಂದ 8ಕ್ಕೆ *ಇಳಿಸಿತು*. ಬದಲಿಗೆ 8ರಿಂದ 13ರವರೆಗಿನ ಮಕ್ಕಳ ಕೆಲಸವನ್ನು ದಿನಕ್ಕೆ ಆರೂವರೆ ಗಂಟೆಗೆ ಕಟ್ಟಿಹಾಕಿ, ಉಳಿದ ಹೊತ್ತು ಶಾಲೆ ಎಂದಿತು. ಇವರೇ ಹಾಫ್ ಟೈಮರ್ ಮಕ್ಕಳು, ನಮ್ಮ ಮಾತಲ್ಲಿ ಅರ್ಧಪಾಳಿಯವರು. ಕಾನೂನು ಅಂದರೆ ಸದಾ ಮೇಲಕ್ಕೇ ಹತ್ತುವ ಮೆಟ್ಟಿಲು ಅಂದುಕೊಂಡಿರುವ ವಿದ್ಯಾರ್ಥಿಗಳಿಗೆ ಇದೊಂದು ಸಾಲು ಸಾಕು, ಕಿವಿ ನೆಟ್ಟಗಾಗುತ್ತದೆ.

ನಿಮ್ಮ ಹುಡುಗನಿಗೆ ತಾಗುವುದು 1874ರ ಕಾನೂನು, ಆಮೇಲೆ ಎಲ್ಲವನ್ನೂ ಒಟ್ಟು ಮಾಡಿದ 1878ರದ್ದು. ಕನಿಷ್ಠ ವಯಸ್ಸು 10. ಮಗು ಅಂದರೆ 14ರೊಳಗಿನವರು, ಆದರೆ ನಿಗದಿತ ಓದಿನ ಮಟ್ಟ ಮುಟ್ಟಿದ್ದರೆ 13ಕ್ಕೇ ಪೂರ್ಣಪಾಳಿ. ಆದ್ದರಿಂದ 1878ರಲ್ಲಿ ಹತ್ತು ತುಂಬಿದ ಕೂಡಲೇ ಡಾಕ್ಟರ ಸರ್ಟಿಫಿಕೇಟು ಹಿಡಿದು ಇವನು ಗಿರಣಿಗೆ ಹೋಗುತ್ತಾನೆ.

ಅವನ ದಿನ ಹೀಗೆ. ಒಂದು ವಾರ ಬೆಳಗ್ಗೆ 6ಕ್ಕೆ ಗಿರಣಿ, ನಡುವೆ ತಿಂಡಿಗೆ ಬಿಡುವು, ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಬಿಡುಗಡೆ, ಊಟ ಮಾಡಿ ಶಾಲೆ. ಮುಂದಿನ ವಾರ ತಿರುವುಮುರುವು, ಬೆಳಗ್ಗೆ ಶಾಲೆ, ಮಧ್ಯಾಹ್ನದಿಂದ ಸಂಜೆವರೆಗೆ ಗಿರಣಿ. ಬೆಳಗಿನ ಪಾಳಿಯ ವಾರದಲ್ಲಿ ಶಾಲೆಯ ಬೆಂಚಿನ ಮೇಲೆ ನಿದ್ದೆ ಹೋಗುತ್ತಾರೆ ಅನ್ನುವುದು ಮೇಷ್ಟ್ರುಗಳ ಮಾಮೂಲು ದೂರು. ಗಿರಣಿಯೊಳಗೆ ಅವನು ಪೀಸರ್. ನೂಲುವ ಯಂತ್ರದ ಗಾಡಿ ಹಿಂದಕ್ಕೂ ಮುಂದಕ್ಕೂ ಓಡಾಡುವಾಗ ಕಡಿದ ಎಳೆಯನ್ನು ಬೆರಳಲ್ಲಿ ಹೊಸೆದು ಜೋಡಿಸಬೇಕು. ನೆಲದ ಮೇಲೆ ಎಣ್ಣೆ, ಅದಕ್ಕೇ ಬರಿಗಾಲು. ಬೀದಿಗೆ ಬಂದರೆ ಮರದ ಅಟ್ಟೆಯ ಕ್ಲಾಗ್.

ಇಲ್ಲಿ ಎಡವುವ ಜಾಗ ಒಂದಿದೆ. ಪೀಸರ್ ಹುಡುಗನಿಗೆ ಸಾಮಾನ್ಯವಾಗಿ ಕೂಲಿ ಕೊಡುತ್ತಿದ್ದವನು ಗಿರಣಿ ಮಾಲೀಕನಲ್ಲ, ನೂಲುವವನು. ತನ್ನ ಗಳಿಕೆಯಿಂದಲೇ ಕೊಡಬೇಕು. ಅವನಿಗೆ ದುಡ್ಡು ನೂಲಿನ ಲೆಕ್ಕದಲ್ಲಿ ಬರುವುದು. ಯಂತ್ರ ನಿಲ್ಲಿಸಿ ಅಡಿಯ ಹತ್ತಿ ಧೂಳು ಗುಡಿಸಿದರೆ ಆ ಹೊತ್ತಿನ ಗಳಿಕೆ ಹೋಯಿತು. ಹಾಗಾಗಿ ಓಡುವ ಯಂತ್ರದಡಿಗೇ ಮಕ್ಕಳನ್ನು ನುಗ್ಗಿಸುತ್ತಿದ್ದರು. 1844ರಲ್ಲೇ ಇದನ್ನು ನಿಷೇಧಿಸಿದರೂ ನಿಲ್ಲದೇ ಹೋದದ್ದಕ್ಕೆ ಈ ಲೆಕ್ಕವೇ ಕಾರಣ. ಎಷ್ಟೋ ಸಲ ಆ ನೂಲುವವನು ಹುಡುಗನ ಅಪ್ಪನೋ ಚಿಕ್ಕಪ್ಪನೋ ಆಗಿರುತ್ತಿದ್ದ. ಕ್ರೂರ ಮಾಲೀಕ, ಮುಗ್ಧ ಕಾರ್ಮಿಕ ಎಂಬ ಎರಡು ಬಣ್ಣದ ಚಿತ್ರ ಇಲ್ಲಿ ಕೈಕೊಡುತ್ತದೆ.

ಇನ್ನುಳಿದ ಇಬ್ಬರಿಗೆ ಒಂದೇ ಸುಳಿವು ಕೊಡುತ್ತೇನೆ, ಅದರಲ್ಲೇ ಇಡೀ ಪಾಠ ಇದೆ. ಹತ್ತು ವರ್ಷದೊಳಗೆ ಸರ್ಕಾರ ಶಾಲೆಗಳ ಬಗ್ಗೆ ಮೂರು ಆಯೋಗ ಕೂರಿಸಿತು. 1858ರಿಂದ 61ರವರೆಗಿನ ನ್ಯೂಕಾಸಲ್ ಆಯೋಗ ಬಡವರ ಶಾಲೆಗೆ. 1861ರಿಂದ 64ರವರೆಗಿನ ಕ್ಲಾರೆಂಡನ್ ಆಯೋಗ ಈಟನ್, ಹ್ಯಾರೋ, ರಗ್ಬಿ ಸೇರಿ ಒಂಬತ್ತು ದೊಡ್ಡವರ ಶಾಲೆಗೆ. 1864ರಿಂದ 68ರವರೆಗಿನ ಟಾಂಟನ್ ಆಯೋಗ ನಡುವಿನವರಿಗೆ. ಟಾಂಟನ್‌ನವರು ನಡುವಿನವರನ್ನೂ ಮತ್ತೆ ಮೂರು ಸೀಳಿದರು. ಮೊದಲ ದರ್ಜೆಯ ಶಾಲೆ 18-19ರವರೆಗೆ, ಎರಡನೆಯದು 16ರವರೆಗೆ, ಮೂರನೆಯದು 14ರವರೆಗೆ. ಮಗ ಎಷ್ಟು ವರ್ಷ ದುಡಿಯದೆ ಕೂರುವುದನ್ನು ಅಪ್ಪ ತಾಳಿಕೊಳ್ಳಬಲ್ಲ ಎಂಬುದೇ ವರ್ಗದ ಅಳತೆಗೋಲು. ನಿಮ್ಮ ಬಟ್ಟೆ ಅಂಗಡಿಯವನ ಮಗ ಎರಡೋ ಮೂರೋ ದರ್ಜೆಯವನು, 14ರಿಂದ 16ರೊಳಗೆ ಗುಮಾಸ್ತನೋ ಅಂಗಡಿ ಸಹಾಯಕನೋ ಆಗುತ್ತಾನೆ. ಜಮೀನ್ದಾರನ ಮಗ ದಾದಿಯ ಕೈಯಲ್ಲಿ ಬೆಳೆದು, ಮನೆಯಲ್ಲೇ ಇದ್ದು ಪಾಠ ಹೇಳುವ ಗವರ್ನೆಸ್ ಹತ್ತಿರ ಅಕ್ಷರ ಕಲಿತು, ಎಂಟರ ಸುಮಾರಿಗೆ ವಸತಿ ಶಾಲೆಗೆ, ಹದಿಮೂರಕ್ಕೆ ಈಟನ್‌ನಂಥದ್ದಕ್ಕೆ. ಅಲ್ಲಿ ಕಿರಿಯರು ಹಿರಿಯ ಹುಡುಗರಿಗೆ ರೊಟ್ಟಿ ಸುಟ್ಟುಕೊಡಬೇಕು, ಹೇಳಿದ ಕಡೆ ಓಡಬೇಕು, ತಪ್ಪಿದರೆ ಬೆತ್ತ. ಸುಖದ ಬಾಲ್ಯ ಅಂತ ಬರೆಸಬೇಡಿ, ಹೊಟ್ಟೆ ತುಂಬಿದ ಬಾಲ್ಯ ಅಂತ ಬರೆಸಿ.

ಘಾಟಿ ಮಂಜು, ಸಕಲೇಶಪುರ

ಗಿರಿಸಾಲು ಸರ್ ಹೇಳಿದ್ದೆಲ್ಲ ಸರಿ, ಆದರೆ ಮೂರು ಕಾರ್ಡೂ ಗಂಡು ಹುಡುಗರದ್ದೇ ಆಯಿತಲ್ಲ ಮೇಡಂ. ನಾಲ್ಕನೆಯದು ಬೇಕೇ ಬೇಕು. ಹಳ್ಳಿಯ ಕೃಷಿ ಕೂಲಿಯವನ ಮಗಳು, 1868ರಲ್ಲೇ ಹುಟ್ಟಿದವಳು, 12-13ಕ್ಕೆ ಮನೆಗೆಲಸಕ್ಕೆ ಸೇರಿದವಳು. ಇಂಗ್ಲೆಂಡಿನ ಹುಡುಗಿಯರಿಗೆ ಆಗ ಅತಿ ದೊಡ್ಡ ಉದ್ಯೋಗ ಗಿರಣಿಯಲ್ಲ, ಇನ್ನೊಬ್ಬರ ಮನೆ. ಗಿರಣಿಯಲ್ಲಿ ಇನ್‌ಸ್ಪೆಕ್ಟರ್ ಬಂದಾನು ಎಂಬ ಭಯವಾದರೂ ಇತ್ತು. ಮನೆಯೊಳಗಿನ ಕೆಲಸದ ಗಂಟೆಗೆ ಫ್ಯಾಕ್ಟರಿ ಕಾನೂನು ಲಾಗೂ ಆಗುತ್ತಿರಲಿಲ್ಲ.

ವರ್ಗವನ್ನು ಅಳೆಯಲು ಆಳುಗಳ ಲೆಕ್ಕದಷ್ಟು ಒಳ್ಳೆಯ ಕೋಲು ಬೇರೆ ಇಲ್ಲ. 1861ರಲ್ಲಿ ಬಂದ, ಮನೆಮನೆಯಲ್ಲೂ ಇದ್ದ ಒಂದು ಗೃಹನಿರ್ವಹಣೆಯ ಕೈಪಿಡಿ ಆದಾಯಕ್ಕೆ ತಕ್ಕಂತೆ ಪಟ್ಟಿಯನ್ನೇ ಕೊಟ್ಟಿತ್ತು. ವರ್ಷಕ್ಕೆ 1000 ಪೌಂಡ್ ಇದ್ದರೆ ಅಡುಗೆಯವಳು, ಮನೆಗೆಲಸದವರು ಇಬ್ಬರು, ಮಗು ನೋಡುವವಳು, ಒಬ್ಬ ಗಂಡಾಳು. 500 ಇದ್ದರೆ ಅಡುಗೆಯವಳು, ಮನೆಗೆಲಸದವಳು, ಮಗು ನೋಡುವವಳು. 300ಕ್ಕೆ ಎಲ್ಲ ಕೆಲಸಕ್ಕೂ ಒಬ್ಬಳು, ಮಗುವಿಗೆ ಒಬ್ಬಳು. 150-200ಕ್ಕೆ ಎಲ್ಲಕ್ಕೂ ಅವಳೊಬ್ಬಳೇ. ಆ ಒಬ್ಬಳಿಗೆ ವರ್ಷದ ಸಂಬಳ 9ರಿಂದ 14 ಪೌಂಡ್. ಟೀ ಸಕ್ಕರೆ ಮನೆಯವರೇ ಕೊಟ್ಟರೆ ಇನ್ನೂ ಕಮ್ಮಿ. ಅದೂ ಕೈ ಪಳಗಿದವರಿಗೆ. ಹನ್ನೆರಡರ ಹುಡುಗಿಗೆ ಇಷ್ಟೂ ಇಲ್ಲ.

ನಿಮ್ಮ ಬಟ್ಟೆ ಅಂಗಡಿಯವನ ಮನೆಯಲ್ಲಿರುವುದು ಇಂಥ ಒಬ್ಬಳೇ. ಎಲ್ಲರಿಗಿಂತ ಮೊದಲು ಎದ್ದು ಒಲೆಯ ಬೂದಿ ತೆಗೆದು ಕಬ್ಬಿಣದ ಕಂಬಿಗಳಿಗೆ ಕರಿ ಹಚ್ಚಿ ಉಜ್ಜಬೇಕು, ಬೆಂಕಿ ಮಾಡಬೇಕು, ಬಾಗಿಲ ಮೆಟ್ಟಿಲು ಮೊಣಕಾಲೂರಿ ತೊಳೆಯಬೇಕು, ಬಿಸಿನೀರನ್ನು ಮಹಡಿಗೆ ಹೊರಬೇಕು, ರಾತ್ರಿ ಮೂತ್ರಕ್ಕೆ ಇಟ್ಟ ಮಡಕೆಗಳನ್ನು ಕೆಳಗೆ ತಂದು ಚೆಲ್ಲಬೇಕು. ಇಷ್ಟಾದ ಮೇಲೆ ಅದೇ ಮನೆಯ, ಹೆಚ್ಚುಕಮ್ಮಿ ಅವಳದೇ ವಯಸ್ಸಿನ ಹುಡುಗನ ಬೂಟಿಗೆ ಪಾಲಿಶ್. ನನ್ನ ಅಭಿಪ್ರಾಯ ಕೇಳಿದರೆ, ನಾಲ್ಕು ಕಾರ್ಡುಗಳನ್ನು ಬೇರೆ ಬೇರೆ ಗುಂಪಿಗೆ ಹಂಚಿ ಸುಮ್ಮನಾಗಬೇಡಿ. ಎರಡನೇ ಪೀರಿಯಡ್‌ನಲ್ಲಿ ಅಂಗಡಿಯವನ ಮಗ, ಈ ಹುಡುಗಿ ಇಬ್ಬರ ಕಾರ್ಡನ್ನೂ ಒಂದೇ ಮನೆಯೊಳಗೆ ಇಡಿ. ಇವನು ಹದಿನಾರರವರೆಗೆ ಮಗುವಾಗಿ ಉಳಿಯುವುದಕ್ಕೆ ಅವಳು ಹನ್ನೆರಡಕ್ಕೇ ದೊಡ್ಡವಳಾಗಬೇಕಾಯಿತು. ಒಂದು ಬಾಲ್ಯದ ಖರ್ಚು ಇನ್ನೊಂದು ಬಾಲ್ಯದ ಖಾತೆಗೆ ಬಿದ್ದಿದೆ.

ನಡುವರ್ಗದ ಹೆಣ್ಣುಮಕ್ಕಳ ಪಾಡೂ ಅಷ್ಟಕ್ಕಷ್ಟೇ. ಟಾಂಟನ್ ಆಯೋಗ ಹುಡುಕಿದಾಗ ಇಡೀ ದೇಶದಲ್ಲಿ ಹುಡುಗಿಯರ ಪ್ರೌಢಶಾಲೆ ಅನ್ನಬಹುದಾದದ್ದು ಸಿಕ್ಕಿದ್ದು ಹದಿಮೂರೇ.

ಬೇಲೂರು ಬಾಗಿಲು

ಫೋಟೋ ವಿಷಯಕ್ಕೆ ಬರುತ್ತೇನೆ, ಮೇಡಂ ಅಲ್ಲಿಯೇ ಹಳ್ಳಕ್ಕೆ ಬೀಳುವ ಸಾಧ್ಯತೆ ಹೆಚ್ಚು.

ವಿಕ್ಟೋರಿಯಾ ಕಾಲದ ಬಾಲಕಾರ್ಮಿಕರು ಅಂತ ಹುಡುಕಿದರೆ ಬರುವ, ಮುಖಕ್ಕೆ ಮಸಿ ಬಳಿದುಕೊಂಡ ಗಣಿ ಹುಡುಗರ ಸಾಲು, ಮಗ್ಗದ ಸಾಲಿನ ನಡುವೆ ನಿಂತ ಪುಟ್ಟ ಹುಡುಗಿ, ಇವು ಬಹುಪಾಲು ಅಮೆರಿಕದವು. ಲೂಯಿಸ್ ಹೈನ್ 1908ರ ನಂತರ ಅಲ್ಲಿನ ಬಾಲಕಾರ್ಮಿಕ ಸಮಿತಿಗಾಗಿ ತೆಗೆದದ್ದು. ರಾಣಿ ತೀರಿಹೋದದ್ದು 1901ರಲ್ಲಿ. ಫೋಟೋ ತುಂಬ ಸ್ಪಷ್ಟವಾಗಿದ್ದು ಯಂತ್ರದ ಮುಂದೆ ಸಹಜವಾಗಿ ನಿಂತಿದ್ದರೆ ಮೊದಲು ಅನುಮಾನ ಪಡಿ.

ಸೊಂಟಕ್ಕೆ ಸರಪಳಿ ಕಟ್ಟಿಕೊಂಡು ನಾಲ್ಕು ಕಾಲಲ್ಲಿ ಕಲ್ಲಿದ್ದಲ ಗಾಡಿ ಎಳೆಯುವ ಹುಡುಗಿಯ ಚಿತ್ರ ಮಾತ್ರ ಅಸಲಿ. ಅದು ಫೋಟೋ ಅಲ್ಲ, 1842ರ ಮಕ್ಕಳ ಉದ್ಯೋಗ ಆಯೋಗದ ವರದಿಯ ಕೆತ್ತನೆ ಚಿತ್ರ. ಆದರೆ 1868ರ ಹುಡುಗನ ಕಾರ್ಡಿನ ಪಕ್ಕ ಅದನ್ನು ಅಂಟಿಸಿದರೆ ಇಪ್ಪತ್ತಾರು ವರ್ಷದ ತಪ್ಪು. ಆ ವರದಿ ಬಂದ ವರ್ಷವೇ ಹೆಂಗಸರು, ಹುಡುಗಿಯರು ಮತ್ತು 10ರೊಳಗಿನ ಹುಡುಗರು ಗಣಿಯೊಳಗೆ ಇಳಿಯುವುದನ್ನು ನಿಷೇಧಿಸಿದರು.

ಡಾ. ಬರ್ನಾಡೋ ಅವರ ಅನಾಥಾಲಯದ ಮೊದಲು-ಆಮೇಲೆ ಜೋಡಿ ಚಿತ್ರಗಳೂ ಅಷ್ಟೇ. ಎಡಗಡೆ ಚಿಂದಿ ಬಟ್ಟೆಯ ಹುಡುಗ, ಬಲಗಡೆ ಅಚ್ಚುಕಟ್ಟಾದ ಅದೇ ಹುಡುಗ. 1877ರಲ್ಲಿ ಇದು ಪಂಚಾಯ್ತಿ ಮುಂದೆ ಹೋಗಿ, ಕೆಲವನ್ನು ವೇಷ ಹಾಕಿಸಿ ತೆಗೆಸಿದ್ದು ಎಂದು ಛೀಮಾರಿ ಹಾಕಿಸಿಕೊಂಡಿತು. ತೋರಿಸಬೇಡಿ ಅನ್ನುತ್ತಿಲ್ಲ. ಬಡತನದ ಚಿತ್ರಕ್ಕೆ ಆಗಲೇ ಮಾರುಕಟ್ಟೆ ಇತ್ತು ಎಂದು ಹೇಳಿ ತೋರಿಸಿ.

ಉಳ್ಳವರ ಮನೆಯ ಫೋಟೋದಲ್ಲಿ ಲಂಗ ತೊಟ್ಟ ಮೂರು ವರ್ಷದ ಮಗುವನ್ನು ಹುಡುಗಿ ಅಂದುಬಿಡಬೇಡಿ. ಗಂಡು ಮಕ್ಕಳಿಗೂ ನಾಲ್ಕರಿಂದ ಆರರವರೆಗೆ ಲಂಗವೇ. ಬೈತಲೆ ನೋಡಿ, ನಡುವೆ ತೆಗೆದಿದ್ದರೆ ಸಾಮಾನ್ಯವಾಗಿ ಹುಡುಗಿ, ಪಕ್ಕಕ್ಕೆ ತೆಗೆದಿದ್ದರೆ ಹುಡುಗ.

ಗಣಿಯ ಬಗ್ಗೆ ಒಂದು ಮಾತು ಸೇರಿಸಬಹುದು, ಪಠ್ಯದಲ್ಲಿ ಇರುವುದಿಲ್ಲ. 1842ರ ನಿಷೇಧಕ್ಕೆ ಮೊದಲು ಟ್ರಾಪರ್ ಎಂಬ ಐದಾರು ವರ್ಷದ ಮಗುವಿನ ಕೆಲಸ ಬಾಗಿಲು ಕಾಯುವುದು. ಸುರಂಗದ ಅಡ್ಡಲಾಗಿ ಒಂದು ಮರದ ಬಾಗಿಲು, ಅದಕ್ಕೆ ದಾರ. ಗಾಡಿ ಬಂದ ಸದ್ದಾದರೆ ದಾರ ಎಳೆದು ತೆಗೆಯಬೇಕು, ಹೋದ ಕೂಡಲೇ ಬಿಡಬೇಕು. ಕತ್ತಲಲ್ಲಿ ಹನ್ನೆರಡು ಗಂಟೆ ಅಷ್ಟೇ ಕೆಲಸ. ಆದರೆ ಗಣಿಯ ಗಾಳಿಯನ್ನು ಸುತ್ತುಬಳಸಿ ಕಲ್ಲಿದ್ದಲು ತೆಗೆಯುವ ಮೂಲೆಯವರೆಗೆ ತಳ್ಳುವುದು ಇಂಥ ಬಾಗಿಲುಗಳೇ. ಮಗು ನಿದ್ದೆ ಹೋಗಿ ಒಂದು ಬಾಗಿಲು ತೆರೆದೇ ಉಳಿದರೆ ಗಾಳಿ ಹತ್ತಿರದ ದಾರಿ ಹಿಡಿಯುತ್ತದೆ, ಒಳಮೂಲೆಯಲ್ಲಿ ಬೆಂಕಿ ಹಿಡಿಯುವ ಅನಿಲ ಕೂಡುತ್ತದೆ, ಒಂದು ದೀಪ ಸಾಕು ಸಿಡಿಯಲು. ನೂರಾರು ಜನರ ಜೀವ ಕೊಟ್ಟದ್ದು ಗಣಿಯಲ್ಲೇ ಅತಿ ಕಡಿಮೆ ಕೂಲಿಯ ಕೈಗೆ. 1838ರ ಜುಲೈನಲ್ಲಿ ಯಾರ್ಕ್‌ಶೈರಿನ ಸಿಲ್ಕ್‌ಸ್ಟನ್ ಬಳಿಯ ಹಸ್ಕರ್ ಗಣಿಗೆ ಮಳೆನೀರು ನುಗ್ಗಿ 26 ಮಕ್ಕಳು ಸತ್ತ ಮೇಲೆಯೇ 1842ರ ವರದಿ ಕೊಟ್ಟ ಆ ಆಯೋಗ ಹುಟ್ಟಿದ್ದು.

ಕಾನೂನು ಇದ್ದೂ ಸೋಲುವುದು ಹೇಗೆ ಅಂತ ತೋರಿಸಲು ಚಿಮಣಿ ಹುಡುಗರ ಕಥೆಯೇ ಸರಿ. 21 ವರ್ಷದೊಳಗಿನವರನ್ನು ಚಿಮಣಿ ಹತ್ತಿಸಬಾರದು ಅಂತ 1840ರಲ್ಲೇ ಆಯಿತು. ಕುಂಚದ ಯಂತ್ರ ಅದಕ್ಕೂ ಮೊದಲೇ ಇತ್ತು. ಆದರೆ ಹಿಡಿಯುವವರಿಲ್ಲ, ಯಂತ್ರ ತಂದರೆ ನೆಲದ ರತ್ನಗಂಬಳಿ ಕೊಳೆಯಾಗುತ್ತದೆ ಎಂದು ಮನೆಯವರೇ ಹುಡುಗನನ್ನು ಕೇಳುತ್ತಿದ್ದರು. 1864ರಲ್ಲಿ ಬಿಗಿ ಮಾಡಿದರು, ಆಗಲೂ ಅಷ್ಟೇ. 1875ರಲ್ಲಿ ಕೇಂಬ್ರಿಜ್ ಬಳಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಸತ್ತ ಮೇಲೆ ಬಂದ ಕಾನೂನು ಚಿಮಣಿ ಗುಡಿಸುವವನು ಪೊಲೀಸರಿಂದ ಪ್ರತಿವರ್ಷ ಲೈಸೆನ್ಸ್ ಪಡೆಯಬೇಕು ಎಂದಿತು. ಆಗ ನಿಂತಿತು. ದಂಡ ಕಟ್ಟಿ ಬಚಾವಾಗುವುದು ಬೇರೆ, ಕಸುಬೇ ಹೋಗುವುದು ಬೇರೆ.

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ಧನ್ಯವಾದ. ಇಳಿಸಿಟ್ಟುಕೊಂಡಿದ್ದ ಫೋಟೋಗಳಲ್ಲಿ ಐದು ಹೈನ್ ಅವರದ್ದೇ ಎಂದು ಈಗ ಗೊತ್ತಾಯಿತು, ತೆಗೆದುಹಾಕಿದೆ. ನಾಲ್ಕನೇ ಕಾರ್ಡು ಖಂಡಿತ ಸೇರಿಸುತ್ತೇನೆ ಮಂಜು ಸರ್.

ಇನ್ನೆರಡು ಅನುಮಾನ. ಗಿರಣಿ ಹುಡುಗ ಹೋಗುತ್ತಿದ್ದ ಶಾಲೆಯಲ್ಲಿ ಏನು ಕಲಿಸುತ್ತಿದ್ದರು? ಪೆನ್ಸ್, ಶಿಲ್ಲಿಂಗ್‌ಗಳನ್ನು ಈಗಿನ ರೂಪಾಯಿಗೆ ತಿರುಗಿಸಿ ಹೇಳಲೇ? ಹಾಗೇ, ಜನಗಣತಿಯ ಒಂದು ಹಾಳೆಯನ್ನು ತರಗತಿಯಲ್ಲಿ ಓದಿಸುವುದು ಆಗಿಹೋಗುವ ಮಾತೇ?

ಕಡೂರು ಜಂಕ್ಷನ್

ರೂಪಾಯಿಗೆ ತಿರುಗಿಸಬೇಡಿ. ದೊಡ್ಡ ಸಂಖ್ಯೆ ಬರುತ್ತದೆ, ಅರ್ಥ ಬರುವುದಿಲ್ಲ. ಮೇಲಾಗಿ ಆಗಿನ ರೂಪಾಯಿಯೇ ಒಂದು ಕಡೆ ನಿಂತಿರಲಿಲ್ಲ. 1870ರ ಸುಮಾರಿಗೆ 2 ಶಿಲ್ಲಿಂಗ್ ಬಾಳುತ್ತಿದ್ದದ್ದು ಬೆಳ್ಳಿ ಬೆಲೆ ಬಿದ್ದು 1890ರ ದಶಕದ ಕೊನೆಗೆ 1 ಶಿಲ್ಲಿಂಗ್ 4 ಪೆನ್ಸಿಗೆ ಬಂದಿತ್ತು. ಬೋರ್ಡಿನ ಮೇಲೆ ಒಂದೇ ಸಾಲು ಬರೆಯಿರಿ: 12 ಪೆನ್ಸ್ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್ ಒಂದು ಪೌಂಡ್. ಆಮೇಲೆ ವಾರದ ಲೆಕ್ಕ ಮಾಡಿಸಿ.

ಲಂಡನ್ನಿನ ಬಡತನದ ನಕ್ಷೆ ಮಾಡಿದ ಚಾರ್ಲ್ಸ್ ಬೂತ್ ವಾರಕ್ಕೆ 18ರಿಂದ 21 ಶಿಲ್ಲಿಂಗ್ ಬರುವ ಸಾಧಾರಣ ಗಾತ್ರದ ಸಂಸಾರವನ್ನು ಬಡವರು ಎಂದ. 20 ಅಂತ ಇಟ್ಟುಕೊಳ್ಳಿ. ಶಾಲೆಯ ಶುಲ್ಕ ಮಗುವಿಗೆ ವಾರಕ್ಕೆ 2 ಪೆನ್ಸ್, ಮೂರು ಮಕ್ಕಳಿಗೆ 6 ಪೆನ್ಸ್, ಅಂದರೆ ಅರ್ಧ ಶಿಲ್ಲಿಂಗ್. ಹೋಗಲಿ, ಅದು ದೊಡ್ಡದಲ್ಲ. ಆದರೆ ಅರ್ಧಪಾಳಿಯ ಮಗು ತರುತ್ತಿದ್ದದ್ದು ಎರಡೂವರೆ ಮೂರು ಶಿಲ್ಲಿಂಗ್ ಆಸುಪಾಸು. ಶಾಲೆಗೆ ಕಳಿಸುವ ನಿಜವಾದ ಬೆಲೆ ಆ ಕೈಬಿಟ್ಟ ಕೂಲಿ. 1891ರಲ್ಲಿ ಶುಲ್ಕ ಬಹುತೇಕ ಹೋದರೂ ಅರ್ಧಪಾಳಿ ಪದ್ಧತಿ ಹೋಗದೆ, 1918ರ ಕಾನೂನಿನವರೆಗೂ ಎಳೆದದ್ದು ಇದೇ ಕಾರಣಕ್ಕೆ.

ಶಾಲೆಯ ಕಾನೂನುಗಳನ್ನು ಒಂದರ ಮೇಲೊಂದು ಹೇರಬೇಡಿ. 1870ರದ್ದು ಶಾಲೆ ಇಲ್ಲದ ಕಡೆ ಸ್ಕೂಲ್ ಬೋರ್ಡ್, ಅಂದರೆ ಶಾಲೆ ನಡೆಸುವ ಸ್ಥಳೀಯ ಮಂಡಳಿ, ಮಾಡಲು ಅಧಿಕಾರ ಕೊಟ್ಟಿತು. ಹಾಜರಿ ಕಡ್ಡಾಯ ಮಾಡುವುದು ಆಯಾ ಬೋರ್ಡಿನ ಇಷ್ಟ. ದೇಶಕ್ಕೆಲ್ಲ ಕಡ್ಡಾಯವಾದದ್ದು 1880ರಲ್ಲಿ, ಅದೂ 10 ವರ್ಷದವರೆಗೆ. 1893ರಲ್ಲಿ 11, 1899ರಲ್ಲಿ 12. ಮಗುವನ್ನು ಕಳಿಸದ ಅಪ್ಪನಿಗೆ ದಂಡ ಖರ್ಚು ಸೇರಿ 5 ಶಿಲ್ಲಿಂಗ್ ಮೀರುವಂತಿಲ್ಲ. ಮಗುವಿನ ಎರಡು ವಾರದ ಕೂಲಿ ಅಲ್ಲಿಗಲ್ಲಿಗೆ, ಎಷ್ಟೋ ಜನ ದಂಡ ಕಟ್ಟುವುದೇ ವಾಸಿ ಅಂದುಕೊಂಡರು. 1876ರಿಂದ ಇನ್ನೊಂದು ಕಿಂಡಿ ಇತ್ತು. ಪರೀಕ್ಷೆಯಲ್ಲಿ ಪಾಸಾಗದಿದ್ದರೂ ಸಾಕಷ್ಟು ವರ್ಷ ಹಾಜರಿ ಇದ್ದರೆ ಹತ್ತಕ್ಕೆ ಬಿಡಬಹುದು. ಜನ ಅದನ್ನು ದಡ್ಡರ ಪಾಸು ಅಂತಲೇ ಕರೆದರು.

ಕಲಿಸುತ್ತಿದ್ದದ್ದು ಓದು, ಬರಹ, ಲೆಕ್ಕ, ಹುಡುಗಿಯರಿಗೆ ಮೇಲಿಂದ ಹೊಲಿಗೆ. 1862ರ ನಿಯಮದಲ್ಲಿ ಆರು ಮಟ್ಟ. ಮೊದಲ ಮಟ್ಟದವರು ಒಂದೇ ಉಚ್ಚಾರಾಂಶದ ಪುಟ್ಟ ಪದಗಳ ಕಥೆ ಓದಬೇಕು, ಹೇಳಿದ ಅಕ್ಷರವನ್ನು ಸ್ಲೇಟಿನ ಮೇಲೆ ಬರೆಯಬೇಕು, 20ರವರೆಗೆ ಅಂಕಿ ಗೊತ್ತಿರಬೇಕು. ಆರನೆಯವರು ಪತ್ರಿಕೆಯ ಒಂದು ಪ್ಯಾರಾ ಓದಬೇಕು, ಅಂಗಡಿ ಬಿಲ್ಲಿನ ಲೆಕ್ಕ ಮಾಡಬೇಕು. ಆ ನಿಯಮದ ಪ್ರಕಾರ ಅಂಗಡಿ ಬಿಲ್ಲಿಗೇ ಅವರ ಓದು ಮುಗಿಯಿತು. ಅದೇ ಹೊತ್ತಿಗೆ ಜಮೀನ್ದಾರನ ಮಗ ಲ್ಯಾಟಿನ್ ಪದ್ಯ ಕಟ್ಟುತ್ತಿದ್ದ.

ದುಡ್ಡು ಬರುತ್ತಿದ್ದ ರೀತಿ ಇನ್ನೂ ಮುಖ್ಯ. 1862ರ ನಿಯಮದಲ್ಲಿ ಒಂದು ಮಗುವಿನ ಹಾಜರಿಗೆ ಶಾಲೆಗೆ ವರ್ಷಕ್ಕೆ 4 ಶಿಲ್ಲಿಂಗ್, ಇನ್‌ಸ್ಪೆಕ್ಟರ್ ಪರೀಕ್ಷೆಗೆ 8 ಶಿಲ್ಲಿಂಗ್. ಓದು, ಬರಹ, ಲೆಕ್ಕದಲ್ಲಿ ಒಂದೊಂದು ಫೇಲಿಗೂ 2 ಶಿಲ್ಲಿಂಗ್ 8 ಪೆನ್ಸ್ ಕಡಿತ. ಮೇಷ್ಟ್ರ ಸಂಬಳ ಇದರ ಮೇಲೆ ನಿಂತ ಮೇಲೆ ಆಗಬೇಕಾದದ್ದೇ ಆಯಿತು. ವರ್ಷವಿಡೀ ಒಂದೇ ಪುಸ್ತಕ ಬಾಯಿಪಾಠ, ಮಕ್ಕಳು ಪುಟ ನೋಡದೆ ಒಪ್ಪಿಸಿ ಪಾಸಾಗುತ್ತಿದ್ದರು. ಅರ್ಧಪಾಳಿಯ ತೂಕಡಿಸುವ ಮಗು ಮೇಷ್ಟ್ರಿಗೆ ನಷ್ಟದ ಬಾಬತ್ತು. ಬೆತ್ತ ಯಾಕೆ ಅಷ್ಟು ಓಡಾಡಿತು ಎಂಬುದಕ್ಕೆ ಮೇಷ್ಟ್ರ ಸ್ವಭಾವದಲ್ಲಿ ಕಾರಣ ಹುಡುಕುವ ಮೊದಲು ಈ ದುಡ್ಡಿನ ಲೆಕ್ಕ ನೋಡಬೇಕು.

ಜನಗಣತಿ ಹಾಳೆ ಖಂಡಿತ ಓದಿಸಿ, 1881ರ ಏಪ್ರಿಲ್ 3ರ ರಾತ್ರಿಯದ್ದು. ಹೆಸರು, ಯಜಮಾನನಿಗೆ ಏನಾಗಬೇಕು, ವಯಸ್ಸು, ಉದ್ಯೋಗ, ಹುಟ್ಟಿದ ಊರು ಇರುತ್ತವೆ. ಮೊದಲು ಆಳುಗಳನ್ನು ಎಣಿಸಿ, ಆಮೇಲೆ ಮಕ್ಕಳ ಉದ್ಯೋಗದ ಕಾಲಂ ನೋಡಿ. ಅಲ್ಲಿ ಸ್ಕಾಲರ್ ಅಂತಿದ್ದರೆ ಶಾಲೆಗೆ ಹೋಗುವವನು ಎಂದು, ಪಂಡಿತ ಅಂತಲ್ಲ. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಭಾನುವಾರದ ಶಾಲೆಗೆ ಮಾತ್ರ ಹೋಗುವವನಿಗೂ ಹಾಗೇ ಬರೆಸಿದವರಿದ್ದಾರೆ, ಮನೆಯಲ್ಲಿ ಬೆಂಕಿಪೆಟ್ಟಿಗೆ ಅಂಟಿಸುವ ಮಗುವಿನ ಕೆಲಸ ಕಾಲಂಗೇ ಬರುವುದಿಲ್ಲ. ಮನೆಯ ಹಾಳೆಯಲ್ಲಿ ಮಗುವಿಲ್ಲ ಅಂದ ಮಾತ್ರಕ್ಕೆ ಸತ್ತಿದೆ ಎಂದೂ ಅಲ್ಲ. ಆ ರಾತ್ರಿ ಎಲ್ಲಿ ಮಲಗಿದ್ದರೋ ಅಲ್ಲಿ ಎಣಿಕೆ. ವಸತಿ ಶಾಲೆಯ ಹುಡುಗ ಶಾಲೆಯ ಹಾಳೆಯಲ್ಲಿ, ಕೆಲಸದ ಹುಡುಗಿ ಯಜಮಾನನ ಹಾಳೆಯಲ್ಲಿ. ನಿಮ್ಮ ನಾಲ್ಕು ಕಾರ್ಡಿನಲ್ಲಿ ಹದಿಮೂರಕ್ಕೆ ಅಮ್ಮನ ಹತ್ತಿರ ಇಲ್ಲದವರು ಇಬ್ಬರು, ತೀರ ಮೇಲಿನವನು ಮತ್ತು ತೀರ ಕೆಳಗಿನವಳು.

ಮೂಡಿಗೆರೆ ಮಳೆ

ನಮ್ಮ ಕಡೆಯ ವಿದ್ಯಾರ್ಥಿಗಳು ಕೇಳಿಯೇ ಕೇಳುವ ಪ್ರಶ್ನೆ, ಅದೇ ರಾಣಿಯ ಕಾಲದಲ್ಲಿ ಇಲ್ಲೇನಿತ್ತು ಎಂದು. ಎರಡು ಸಾಲಿನ ಉತ್ತರ ಇಟ್ಟುಕೊಳ್ಳಿ. ಬ್ರಿಟಿಷ್ ಇಂಡಿಯಾಕ್ಕೆ ಮೊದಲ ಫ್ಯಾಕ್ಟರಿ ಕಾನೂನು ಬಂದದ್ದು 1881ರಲ್ಲಿ. ಕನಿಷ್ಠ ವಯಸ್ಸು 7, 7ರಿಂದ 12ರವರಿಗೆ ದಿನಕ್ಕೆ 9 ಗಂಟೆ, ಅದೂ 100 ಜನ ಮತ್ತು ಯಂತ್ರಶಕ್ತಿ ಇರುವ ಕಡೆ. ಟೀ ಕಾಫಿ ತೋಟದ ಕಾರ್ಖಾನೆಗಳನ್ನು ಅದರಿಂದ ಹೊರಗಿಟ್ಟರು. ಲ್ಯಾಂಕಶೈರಿನ ಹುಡುಗನಿಗೆ 10 ಆಗಿದ್ದಾಗ ಇಲ್ಲಿಗೆ 7 ಸಾಕು ಅನ್ನಿಸಿತ್ತು. ಮೈಸೂರು ಅದೇ ವರ್ಷ ಮಾರ್ಚಿನಲ್ಲಿ ಒಡೆಯರ ಕೈಗೆ ಮರಳಿತ್ತು, ಹಾಗಾಗಿ ಹಾಸನ, ಚಿಕ್ಕಮಗಳೂರಿಗೆ ಆ ಕಾನೂನನ್ನು ನೇರವಾಗಿ ಹೊಂದಿಸಲು ಹೋಗಬೇಡಿ.

ವರ್ಗ ಅಂದರೆ ಜಾತಿಯೇ ಅಲ್ಲವಾ ಅಂತಲೂ ಕೇಳುತ್ತಾರೆ. ಅಲ್ಲ ಅನ್ನಿ. ಅಂಗಡಿಯವನು ದುಡ್ಡು ಮಾಡಿ ಮಗನನ್ನು ಮೇಲಿನ ದರ್ಜೆಯ ಶಾಲೆಗೆ ಸೇರಿಸಬಹುದಿತ್ತು, ಬಾಗಿಲು ಮುಚ್ಚಿರಲಿಲ್ಲ, ಶುಲ್ಕ ಮಾತ್ರ ಎತ್ತರದಲ್ಲಿತ್ತು.

ಹುಟ್ಟು ಸಾವಿನ ಅಂಕಿ ಬೇಕಿದ್ದರೆ ಸೀಬೋಮ್ ರೌಂಟ್ರಿ ಯಾರ್ಕ್ ಪಟ್ಟಣದಲ್ಲಿ ಲೆಕ್ಕ ಹಾಕಿ 1901ರಲ್ಲಿ ಪ್ರಕಟಿಸಿದ್ದನ್ನು ಬೋರ್ಡಿನ ಮೇಲೆ ಬರೆಯಿರಿ. ಹುಟ್ಟಿದ 1000 ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಸತ್ತದ್ದು ತೀರ ಬಡ ಕಾರ್ಮಿಕರ ಬೀದಿಗಳಲ್ಲಿ 247, ನಡುಮಟ್ಟದ ಕಾರ್ಮಿಕರಲ್ಲಿ 184, ಅನುಕೂಲಸ್ಥ ಕಾರ್ಮಿಕರಲ್ಲಿ 173, ಆಳು ಇಟ್ಟುಕೊಂಡವರ ಮನೆಗಳಲ್ಲಿ 94. ಆಳಿನ ಲೆಕ್ಕ ಇಲ್ಲಿಯೂ ಬಂತು ನೋಡಿ ಮಂಜು ಸರ್.

ಹೇಮಾವತಿ ದಂಡೆ, ಹಾಸನ

ಹಾಗಿದ್ದರೆ ಮೊದಲ ಪೀರಿಯಡ್ ಕಾರ್ಡು, ವಾರದ ಲೆಕ್ಕ. ಎರಡನೆಯದರಲ್ಲಿ 1881ರ ಹಾಳೆ, ಅಂಗಡಿಯವನ ಮನೆ. ಅಂಗಡಿಯವನ ಹಾಳೆಯಲ್ಲಿ ನಾಲ್ಕನೇ ಕಾರ್ಡಿನ ಹುಡುಗಿಯೂ ಆಳು ಅಂತ ಇರುತ್ತಾಳೆ ಎಂಬುದನ್ನು ಮೊದಲೇ ಹೇಳದೆ, ಗುಂಪುಗಳೇ ಕಂಡುಹಿಡಿಯಲಿ ಅಂತ ಬಿಡುತ್ತೇನೆ.

ಗಿರಿಸಾಲು, ಚಿಕ್ಕಮಗಳೂರು

ಹುಟ್ಟಿದ ತಿಂಗಳನ್ನೂ ಕಾರ್ಡಿನಲ್ಲಿ ಹಾಕಿ ಮೇಡಂ. 1868ರ ಫೆಬ್ರವರಿಯವನಿಗೆ ಗಣತಿಯ ರಾತ್ರಿ 13, ಜೂನ್‌ನವನಿಗೆ 12. ಫೆಬ್ರವರಿಯವನು ಓದಿನ ಮಟ್ಟ ಮುಟ್ಟಿದ್ದರೆ ಆಗಲೇ ಪೂರ್ಣಪಾಳಿಯಲ್ಲಿದ್ದಾನೆ, ಜೂನ್‌ನವನು ಇನ್ನೂ ಅರ್ಧಪಾಳಿ. ತಿಂಗಳು ಬಿಟ್ಟರೆ ಗುಂಪಿನಲ್ಲಿ ಇದಕ್ಕೇ ಜಗಳ ಶುರುವಾಗಿ ಪೀರಿಯಡ್ ಮುಗಿದುಹೋಗುತ್ತದೆ.